ಜ್ವರ ಬಿಡ್ತು, ಆಮೇಲೆ?

ನಮ್ಮ ಹಾಸ್ಟೆಲ್ ರೂಮಲ್ಲಿ ನಾಲ್ಕು ಜನ. ಹಾಸ್ಟೆಲಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಅಟೆಂಡೆನ್ಸ್‌ಗೆ ಮಾತ್ರ, ಮಿಕ್ಕಿದ್ದಕ್ಕೆಲ್ಲ ಊರೇ ಹೆಸರು. ಹಾಗಾಗಿ ಒಬ್ಬ ಧಾರವಾಡ, ಇನ್ನೊಬ್ಬ ಆಲಹಳ್ಳಿ. ಉಳಿದ ಇಬ್ಬರು ನಾವು. ಹೋದ ಸಲ ಇಂಟರ್ನಲ್ಸ್ ಸಮಯದಲ್ಲಿ ಧಾರವಾಡ, ಆಲಹಳ್ಳಿ ಇಬ್ಬರೂ ಒಂದೇ ವಾರದಲ್ಲಿ ಜ್ವರ ಬಂದು ಮಲಗಿದ್ರು. ಒಬ್ಬನಿಗೆ ಇದ್ದಿದ್ದು ಫ್ಲೂ, ಇನ್ನೊಬ್ಬನಿಗೆ ಡೆಂಗಿ. ಎರಡೂ ಒಂದೇ ಅಂತ ನಾವು ಐದು ದಿನ ನಂಬಿಕೊಂಡಿದ್ವಿ. ಎಲ್ಲಿ ತಪ್ಪಿದ್ವಿ ಅಂತ ಆಮೇಲೆ ಡಾಕ್ಟರನ್ನ ಕೇಳಿ, ಓದಿ ತಿಳ್ಕೊಂಡಿದ್ದನ್ನ ಇಲ್ಲಿ ಬರೀತಿದ್ದೀವಿ. ಈ ಸೀಸನ್ನಲ್ಲಿ ನಿಮ್ಮ ರೂಮಲ್ಲೂ ಯಾರಾದ್ರೂ ಮಲಗಿರಬಹುದು.

ಗಣೇಶ ಹಬ್ಬಕ್ಕೆ ನಾಲ್ವರೂ ಆಲಹಳ್ಳಿ ಮನೆಗೆ ಹೋಗಿದ್ವಿ. ದೊಡ್ಡಆಲಹಳ್ಳಿ ಇರೋದು ಕನಕಪುರ ತಾಲ್ಲೂಕಲ್ಲಿ, ಸಂಗಮ ಮೇಕೆದಾಟಿಗೆ ಹೋಗೋ ದಾರೀಲಿ. ಡಿ.ಕೆ. ಶಿವಕುಮಾರ್ ಅವರ ಹೆಸರಲ್ಲಿರೋ 'ಡಿ' ಈ ಊರೇ. ಜಿಲ್ಲೆ ರಾಮನಗರ ಆಗಿತ್ತು, 2025ರಿಂದ ಬೆಂಗಳೂರು ದಕ್ಷಿಣ. ಎರಡು ದಿನ ಹಬ್ಬದೂಟ ಹೊಡೆದು, ಸಂಗಮ ನೋಡಿ, ಭಾನುವಾರ ರಾತ್ರಿ ತುಂಬಿ ತುಳುಕೋ ಬಸ್ಸಲ್ಲಿ ನಿಂತ್ಕೊಂಡೇ ವಾಪಸ್ ಬಂದ್ವಿ.

ಬುಧವಾರ ಧಾರವಾಡನಿಗೆ ಜ್ವರ. ಮಧ್ಯಾಹ್ನ ಲ್ಯಾಬಲ್ಲಿ ಚೆನ್ನಾಗೇ ಇದ್ದವನು ಸಂಜೆಗೆ 102 ಡಿಗ್ರಿ. ಗಂಟಲು ನೋವು, ಮೂಗು ಸೋರೋದು, ಒಣಕೆಮ್ಮು, ಮೈಕೈ ನೋವು. ಶುಕ್ರವಾರ ಆಲಹಳ್ಳಿಗೂ ಜ್ವರ, ಅದೂ 103. ತಲೆನೋವು, ಬೆನ್ನು ನೋವು, ಕಣ್ಣು ಆಡಿಸಿದ್ರೆ ಹಿಂದುಗಡೆ ಯಾರೋ ಒತ್ತಿದ ಹಾಗೆ ನೋವು. ಒಂದೇ ರೂಮು, ಎರಡು ದಿನದ ಅಂತರ. "ಧಾರವಾಡ ಹಂಚಿದ ಪ್ರಸಾದ" ಅಂತ ನಕ್ಕು ಸುಮ್ಮನಾದ್ವಿ.

ನಮ್ಮ ಲೆಕ್ಕ ಪೂರ್ತಿ ದಡ್ಡತನದ್ದೇನಲ್ಲ. ಫ್ಲೂ ವೈರಸ್ ಮೈಗೆ ಹೊಕ್ಕ ಮೇಲೆ ಲಕ್ಷಣ ಕಾಣಿಸೋಕೆ 1ರಿಂದ 4 ದಿನ ಸಾಕು, ಸಾಮಾನ್ಯವಾಗಿ 2 ದಿನ. ಕೆಮ್ಮಿದ್ರೆ, ಸೀನಿದ್ರೆ, ಹತ್ತಿರ ಕೂತು ಮಾತಾಡಿದ್ರೆ ಹರಡುತ್ತೆ. ಆದ್ರೆ ಡೆಂಗಿ ಹೀಗೆ ಒಬ್ಬರಿಂದ ಒಬ್ಬರಿಗೆ ನೇರವಾಗಿ ಅಂಟಲ್ಲ, ಮಧ್ಯದಲ್ಲಿ ಈಡಿಸ್ ಸೊಳ್ಳೆ ಬೇಕು. ಅದು ಕಚ್ಚಿದ ಮೇಲೆ ಜ್ವರ ಬರೋಕೆ 4ರಿಂದ 10 ದಿನ. ಅಂದ್ರೆ ಶುಕ್ರವಾರದ ಜ್ವರಕ್ಕೆ ಎರಡು ಕಥೆ ಸರಿಹೊಂದ್ತಿತ್ತು: ಬುಧವಾರ ಧಾರವಾಡನ ಸೀನು, ಇಲ್ಲಾ ಹಿಂದಿನ ವಾರದ ಯಾವುದೋ ಸೊಳ್ಳೆ. ಕಣ್ಣೆದುರು ಇದ್ದ ಕಥೆಯನ್ನ ನಾವು ಆರಿಸ್ಕೊಂಡ್ವಿ, ಅಷ್ಟೇ.

ಮೊದಲ ಎರಡು ದಿನ ಮೈ ಮುಟ್ಟಿ ನೋಡಿ ಇವೆರಡನ್ನ ಬೇರೆ ಮಾಡೋದು ಡಾಕ್ಟರಿಗೂ ಕಷ್ಟ. ಎರಡರಲ್ಲೂ ಜ್ವರ ದಿಢೀರ್ ಅಂತ ಏರುತ್ತೆ. ಎರಡರಲ್ಲೂ ತಲೆನೋವು, ಮೈಕೈ ನೋವು, ಸುಸ್ತು. ಎರಡಕ್ಕೂ ನಮ್ಮ ಕಡೆ ಒಂದೇ ಹೆಸರು, 'ವೈರಲ್ ಫೀವರ್'. ಹೆಸರೇನೋ ಸುಳ್ಳಲ್ಲ, ಎರಡೂ ವೈರಸ್ಸೇ. ಆದ್ರೆ ಆ ಹೆಸರು ಕೇಳಿದ ತಕ್ಷಣ ನಾವು ಯೋಚಿಸೋದನ್ನ ನಿಲ್ಲಿಸಿಬಿಡ್ತೀವಿ.

ಹಾಗಂತ ಸುಳಿವು ಏನೂ ಇಲ್ಲ ಅಂತಲ್ಲ. ದೊಡ್ಡ ಸುಳಿವು ಮೂಗು, ಗಂಟಲಲ್ಲಿದೆ. ಫ್ಲೂ ಅನ್ನೋದು ಉಸಿರಾಟದ ದಾರಿಯ ಕಾಯಿಲೆ, ವೈರಸ್ ಬೆಳೆಯೋದೇ ಅಲ್ಲಿ. ಹಾಗಾಗಿ ಕೆಮ್ಮು, ಗಂಟಲು ಕೆರೆತ, ಮೂಗು ಸೋರೋದು ಜ್ವರದ ಜೊತೆಗೇ ಬರುತ್ತೆ. ಡೆಂಗಿ ವೈರಸ್ ಸೊಳ್ಳೆಯಿಂದ ನೇರ ರಕ್ತದ ಕಡೆ ಹೋಗೋ ಗಿರಾಕಿ. ಅಲ್ಲಿ ಕಣ್ಣಿನ ಹಿಂದೆ ನೋವು, ಕೀಲು ಮತ್ತು ಮೂಳೆ ಮುರಿದ ಹಾಗೆ ನೋವು, ವಾಕರಿಕೆ, ಮುಖ ಎದೆ ಕೆಂಪಾಗೋದು, ಚರ್ಮದ ಮೇಲೆ ಸಣ್ಣ ಚುಕ್ಕಿ, ಹಲ್ಲುಜ್ಜುವಾಗ ವಸಡಲ್ಲಿ ರಕ್ತ, ಇವು ಹೆಚ್ಚು. ಡೆಂಗಿಯಲ್ಲೂ ಕೆಲವರಿಗೆ ಗಂಟಲು ನೋಯುತ್ತೆ, ಆದ್ರೆ ಜೋರು ಕೆಮ್ಮು ನೆಗಡಿ ಇದ್ರೆ ಫ್ಲೂ ಕಡೆ ತಕ್ಕಡಿ ವಾಲುತ್ತೆ. ಆಲಹಳ್ಳಿ ಐದು ದಿನದಲ್ಲಿ ಒಂದು ಸಲವೂ ಕೆಮ್ಮಲಿಲ್ಲ. ನಮಗೆ ಅದು ಹೊಳೆಯಲೇ ಇಲ್ಲ, ಯಾಕಂದ್ರೆ ಧಾರವಾಡ ಇಬ್ಬರ ಪಾಲಿನದ್ದೂ ಕೆಮ್ತಿದ್ದ.

ಶನಿವಾರ ಇನ್ನೊಂದು ಎಡವಟ್ಟು. ಧಾರವಾಡನ ಬ್ಯಾಗಲ್ಲಿ ಒಂದು ಸ್ಟ್ರಿಪ್ ಮಾತ್ರೆ ಇತ್ತು, 'ಮೈಕೈ ನೋವಿಗೆ ಸೂಪರ್' ಅಂತ ಊರಿಂದ ತಂದಿದ್ದು. ಆಲಹಳ್ಳಿಗೂ ಒಂದು ಕೊಟ್ವಿ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ಅಂತ ಯಾರು ಓದ್ತಾರೆ? ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಇತ್ತು. ಡೆಂಗಿಯಲ್ಲಿ ಪ್ಲೇಟ್ಲೆಟ್ ಮೊದಲೇ ಇಳೀತಿರುತ್ತೆ. ಐಬುಪ್ರೊಫೆನ್, ಆಸ್ಪಿರಿನ್, ಡೈಕ್ಲೋಫೆನಾಕ್‌ನಂಥ ಮಾತ್ರೆಗಳು ಉಳಿದಿರೋ ಪ್ಲೇಟ್ಲೆಟ್ಟಿನ ಕೆಲಸಕ್ಕೂ ಅಡ್ಡ ಬಂದು, ಹೊಟ್ಟೆಯ ಒಳಪದರವನ್ನೂ ಕೆಣಕಿ, ರಕ್ತಸ್ರಾವದ ಅಪಾಯ ಜಾಸ್ತಿ ಮಾಡುತ್ತವೆ. ಯಾವ ಜ್ವರ ಅಂತ ಗೊತ್ತಾಗೋವರೆಗೂ ಜ್ವರಕ್ಕೆ ಬರೀ ಪ್ಯಾರಾಸಿಟಮಾಲ್, ಅದೂ ಆರು ಗಂಟೆ ಅಂತರ ಬಿಟ್ಟು. ಆಂಟಿಬಯಾಟಿಕ್ ಎರಡಕ್ಕೂ ಕೆಲಸ ಮಾಡಲ್ಲ. ಹುಡುಗನ ಪುಣ್ಯ, ಒಂದೇ ಮಾತ್ರೆಗೆ ನಿಂತಿತು.

ಭಾನುವಾರ, ಸೋಮವಾರ ಹಾಗೇ ಹೋಯ್ತು. ಧಾರವಾಡನ ಜ್ವರ ಇಳೀತು, ಕೆಮ್ಮುತ್ತಲೇ ಹೋಗಿ ಸೋಮವಾರ ಇಂಟರ್ನಲ್ ಬರೆದ. ಮಂಗಳವಾರ ಬೆಳಗ್ಗೆ ಆಲಹಳ್ಳಿಯ ಹಣೆ ಮುಟ್ಟಿದ್ರೆ ತಣ್ಣಗೆ. ಥರ್ಮಾಮೀಟರ್ 98 ತೋರಿಸ್ತು. ಅವನು ಎದ್ದು ಕೂತು ಎರಡು ಇಡ್ಲಿ ತಿಂದ. ಜ್ವರ ಬಿಡ್ತು ಅಂತ ನಾವು ಖುಷಿಯಾಗಿ ಮಧ್ಯಾಹ್ನದ ಪೇಪರಿಗೆ ನೋಟ್ಸ್ ಕೊಟ್ವಿ. ಹನ್ನೊಂದು ಗಂಟೆಗೆ ವಾಂತಿ. ಮತ್ತೆ ವಾಂತಿ. ಹೊಟ್ಟೆ ನೋವು ಅಂತ ಮುದುರಿ ಮಲಗಿದ. ಇಡ್ಲಿ ಜಾಸ್ತಿ ಆಯ್ತು ಅಂದ್ಕೊಂಡ್ವಿ!

ಅವನ ಚಿಕ್ಕಮ್ಮ ಊರಲ್ಲಿ ಆಶಾ ಕಾರ್ಯಕರ್ತೆ. ಜ್ವರ ಬಿಟ್ಟ ಸುದ್ದಿ ಹೇಳೋಣ ಅಂತ ನಾವೇ ಫೋನ್ ಮಾಡಿದ್ವಿ. ಅವರು ಸಂತೋಷ ಪಡಲಿಲ್ಲ. ಒಂದರ ಮೇಲೊಂದು ಪ್ರಶ್ನೆ.

"ಜ್ವರ ಬಂದು ಇವತ್ತಿಗೆ ಎಷ್ಟ್ ದಿನ ಆಯ್ತು?"

"ಐದು, ಚಿಕ್ಕಮ್ಮ."

"ಕೆಮ್ಮು ಐತಾ? ಮೂಗು ಸೋರ್ತೈತಾ?"

"ಇಲ್ಲ."

"ಬೆಳಗ್ಗಿಂದ ಎಷ್ಟ್ ಸಲ ಉಚ್ಚೆ ಹೋದ?"

ನಾವು ಅವನ ಕಡೆ ನೋಡಿದ್ವಿ. ರಾತ್ರಿಯಿಂದ ಹೋಗೇ ಇರಲಿಲ್ಲ.

"ಜ್ವರ ಬಿಡ್ತು ಅಂತ ಸುಮ್ಕೆ ಕೂರಬ್ಯಾಡಿ ಕಣ್ರಪ್ಪ. ಈಗ್ಲೇ ನೋಡ್ಕೋಬೇಕಾಗಿರೋದು. ಆಟೋ ಮಾಡ್ಕೊಂಡು ಆಸ್ಪತ್ರೆಗೆ ಹೊರಡಿ, ಪರೀಕ್ಷೆ ಆಮ್ಯಾಕೆ ಬರ್ಕೊಂಡ್ರಾಯ್ತು."

ಎರಡು ಕಾಯಿಲೆಯ ದಾರಿ ಬೇರೆಯಾಗೋ ಜಾಗ ಇದೇ. ಫ್ಲೂನಲ್ಲಿ ಮೂರ್ನಾಲ್ಕು ದಿನಕ್ಕೆ ಜ್ವರ ಬಿಟ್ರೆ ಸಾಮಾನ್ಯವಾಗಿ ಕೆಟ್ಟ ಭಾಗ ಮುಗೀತು ಅಂತ ಅರ್ಥ. ಕೆಮ್ಮು, ಸುಸ್ತು ಇನ್ನೂ ವಾರಗಟ್ಟಲೆ ಎಳೀಬಹುದು, ಅದು ಬೇರೆ ಮಾತು. ಫ್ಲೂನಲ್ಲಿ ಹೆದರಬೇಕಾದ್ದು ಉಸಿರು ಕಟ್ಟಿದ್ರೆ, ಎದೆ ನೋವು ಬಂದ್ರೆ, ಇಲ್ಲಾ ಬಿಟ್ಟ ಜ್ವರ ಎರಡು ದಿನದ ಮೇಲೆ ಮತ್ತೆ ಏರಿ ಕೆಮ್ಮು ಜೋರಾದ್ರೆ. ಅದು ನ್ಯುಮೋನಿಯಾದ ಗುರುತಾಗಿರಬಹುದು.

ಡೆಂಗಿಯಲ್ಲಿ ಜ್ವರ 2ರಿಂದ 7 ದಿನ ಇರುತ್ತೆ. ಬಹಳ ಜನ ಅದಾದ ಮೇಲೆ ಹುಷಾರಾಗ್ತಾರೆ. ಆದ್ರೆ ಕೆಲವರಿಗೆ ಅಪಾಯ ಶುರುವಾಗೋದೇ ಜ್ವರ ಇಳಿಯೋ ಹೊತ್ತಿಗೆ, ಸಾಮಾನ್ಯವಾಗಿ 3ರಿಂದ 7ನೇ ದಿನದೊಳಗೆ, ಮುಂದಿನ 24ರಿಂದ 48 ಗಂಟೆ. ಆಗ ರಕ್ತನಾಳದ ಗೋಡೆ ಸೋರೋಕೆ ಶುರುವಾಗುತ್ತೆ. ರಕ್ತದ ನೀರಿನ ಭಾಗ, ಅಂದ್ರೆ ಪ್ಲಾಸ್ಮಾ, ನಾಳದಿಂದ ಆಚೆ ಹೋಗಿ ಹೊಟ್ಟೆಯಲ್ಲಿ, ಶ್ವಾಸಕೋಶದ ಸುತ್ತ ತುಂಬ್ಕೊಳ್ಳುತ್ತೆ. ನಾಳದೊಳಗೆ ಉಳಿದ ರಕ್ತ ಗಟ್ಟಿಯಾಗುತ್ತೆ, ಒತ್ತಡ ಬೀಳುತ್ತೆ, ಕಿಡ್ನಿಗೆ ರಕ್ತ ಸಾಲದೆ ಮೂತ್ರ ಕಡಿಮೆಯಾಗುತ್ತೆ. ಚಿಕ್ಕಮ್ಮ ಉಚ್ಚೆ ಲೆಕ್ಕ ಕೇಳಿದ್ದು ಇದಕ್ಕೇ.

ಮೆಕ್ಯಾನಿಕಲ್‌ನವರಿಗೆ ಬೇಗ ಅರ್ಥ ಆಗೋ ಹೋಲಿಕೆ ಒಂದಿದೆ. ಕಾರಿನ ಕೂಲಂಟ್ ಸೋರಿ ಖಾಲಿಯಾದಾಗ ಸೆನ್ಸರಿಗೆ ದ್ರವವೇ ತಾಗದೆ ಟೆಂಪರೇಚರ್ ಗೇಜ್ ತಣ್ಣಗೆ ತೋರಿಸಬಹುದು. ಡ್ರೈವರ್ ಆರಾಮಾಗಿರ್ತಾನೆ, ಇಂಜಿನ್ ಸೀಯ್ತಿರುತ್ತೆ. ನಾವು ಥರ್ಮಾಮೀಟರ್ ನೋಡಿ ಇಡ್ಲಿ ತಂದುಕೊಟ್ಟಿದ್ದು ಅದೇ ಥರ. ಆ ಹೊತ್ತಿಗೆ ನೋಡಬೇಕಾದ ಮೀಟರ್‌ಗಳು ಬೇರೆ: ಬಿಡದ ಹೊಟ್ಟೆ ನೋವು, ಮತ್ತೆ ಮತ್ತೆ ವಾಂತಿ, ಮೂಗು ಅಥವಾ ವಸಡಿನಿಂದ ರಕ್ತ, ಕಪ್ಪು ಮಲ, ವಿಪರೀತ ಸುಸ್ತು ಅಥವಾ ಚಡಪಡಿಕೆ, ಕೈಕಾಲು ತಣ್ಣಗಾಗೋದು, ಮೂತ್ರ ಕಡಿಮೆಯಾಗೋದು. ಇದರಲ್ಲಿ ಒಂದು ಕಂಡ್ರೂ ಆಸ್ಪತ್ರೆಗೆ ಹೋಗಬೇಕು, ರಿಪೋರ್ಟ್ ಬರಲಿ ಅಂತ ಕಾಯಬಾರದು.

ಆಸ್ಪತ್ರೆಯಲ್ಲಿ ಕಾರ್ಡ್ ಟೆಸ್ಟ್ ಮಾಡಿದ್ರು. ಎನ್‌ಎಸ್1 ನೆಗೆಟಿವ್. ನಿಜ ಹೇಳ್ಬೇಕಂದ್ರೆ ನಾವು ವಾಪಸ್ ಹೊರಡೋಣ ಅಂದ್ಕೊಂಡ್ವಿ. ಡ್ಯೂಟಿ ಡಾಕ್ಟರ್ ತಡೆದು ವಿವರಿಸಿದ್ರು. ಎನ್‌ಎಸ್1 ಅನ್ನೋದು ವೈರಸ್ಸಿನ ಒಂದು ಪ್ರೋಟೀನ್. ಜ್ವರದ ಮೊದಲ ದಿನದಿಂದ ಸುಮಾರು 5ನೇ ದಿನದವರೆಗೆ ರಕ್ತದಲ್ಲಿ ಚೆನ್ನಾಗಿ ಸಿಗುತ್ತೆ, ಆಮೇಲೆ ಕಡಿಮೆಯಾಗ್ತಾ ಹೋಗುತ್ತೆ. ಐಜಿಎಂ ಅನ್ನೋದು ನಮ್ಮ ದೇಹ ತಯಾರಿಸೋ ಆಂಟಿಬಾಡಿ, ಅದು ಕಾಣಿಸಿಕೊಳ್ಳೋದು 4-5ನೇ ದಿನದ ಮೇಲೆ. ಅಂದ್ರೆ ಟೆಸ್ಟ್ ಯಾವುದು ಅನ್ನೋದಕ್ಕಿಂತ ಎಷ್ಟನೇ ದಿನ ಅನ್ನೋದು ಮೊದಲು ಗೊತ್ತಿರಬೇಕು. ಮೊದಲು ಒಮ್ಮೆ ಡೆಂಗಿ ಬಂದವರಲ್ಲಿ ಎನ್‌ಎಸ್1 ಇನ್ನೂ ಬೇಗ ಮಾಯವಾಗೋದುಂಟು.

ಮ್ಯಾಥ್ಸಲ್ಲಿ ಬೇಯ್ಸ್ ಥಿಯರಂ ಯಾಕೆ ಓದ್ತೀವಿ ಅಂತ ಕೇಳ್ತಿದ್ವಲ್ಲ, ಇಗೋ ಇದಕ್ಕೆ. ಸುಮ್ಮನೆ ಲೆಕ್ಕಕ್ಕೆ ಅಂತ ಇಟ್ಕೊಳ್ಳಿ: ಡೆಂಗಿ ಜೋರಾಗಿರೋ ತಿಂಗಳಲ್ಲಿ ಜ್ವರ ಬಂದ 100 ಜನರಲ್ಲಿ 40 ಜನರಿಗೆ ಡೆಂಗಿ. ಟೆಸ್ಟ್ ಅದರಲ್ಲಿ 30 ಜನರನ್ನ ಹಿಡಿಯುತ್ತೆ, 10 ಜನ ತಪ್ಪಿಸಿಕೊಳ್ತಾರೆ. ಡೆಂಗಿ ಇಲ್ಲದ 60 ಜನರಿಗೂ ಸರಿಯಾಗಿ ನೆಗೆಟಿವ್ ಬಂತು ಅನ್ನೋಣ. ಆಗ ನೆಗೆಟಿವ್ ಚೀಟಿ ಹಿಡ್ಕೊಂಡ 70 ಜನರಲ್ಲಿ 10 ಜನರಿಗೆ ಡೆಂಗಿ ಇದ್ದೇ ಇದೆ. ಏಳಕ್ಕೆ ಒಬ್ಬ! ಅದೇ ಟೆಸ್ಟ್, ಡೆಂಗಿ ಅಪರೂಪ ಇರೋ ತಿಂಗಳಲ್ಲಿ, 100ರಲ್ಲಿ 4 ಜನರಿಗೆ ಮಾತ್ರ ಇದ್ದಾಗ, ನೆಗೆಟಿವ್ ಬಂದ 97 ಜನರಲ್ಲಿ ಒಬ್ಬನೇ. ಚೀಟಿ ಒಂದೇ, ಅರ್ಥ ಬೇರೆ.

ಅವನ ಐಜಿಎಂ ಎಲೈಸಾ ಪಾಸಿಟಿವ್ ಬಂತು. ಪ್ಲೇಟ್ಲೆಟ್ 42,000 (ಇರಬೇಕಾದ್ದು ಒಂದೂವರೆ ಲಕ್ಷದ ಮೇಲೆ). ನಮ್ಮೆಲ್ಲರ ಕಣ್ಣು ಆ ಸಂಖ್ಯೆ ಮೇಲೆ, ಆಗಲೇ ಒಬ್ಬ ರಕ್ತ ಕೊಡೋರಿಗೆ ಸ್ಟೇಟಸ್ ಹಾಕೋಕೆ ಹೊರಟಿದ್ದ. ಡಾಕ್ಟರ ಕಣ್ಣು ಮಾತ್ರ ಕೆಳಗಿನ ಸಾಲಿನ ಮೇಲೆ. ಹಿಮಾಟೋಕ್ರಿಟ್ 51. ರಕ್ತದಲ್ಲಿ ಕೆಂಪುಕಣಗಳ ಪಾಲು ಎಷ್ಟು ಅನ್ನೋ ಅಳತೆ ಅದು. ನೀರು ಸೋರಿದಷ್ಟೂ ಮೇಲಕ್ಕೆ ಹೋಗುತ್ತೆ. ಪ್ಲೇಟ್ಲೆಟ್ ಇಳೀತಿದ್ದು ಹಿಮಾಟೋಕ್ರಿಟ್ ಏರ್ತಿದ್ರೆ ಸೋರಿಕೆ ನಡೀತಿದೆ ಅಂತ. ಹಾಗಾಗಿ ಚಿಕಿತ್ಸೆ ಅಂದ್ರೆ ಮುಖ್ಯವಾಗಿ ಅಳೆದು ಅಳೆದು ಕೊಡೋ ಡ್ರಿಪ್. ಕಡಿಮೆ ಆದ್ರೂ ಕಷ್ಟ, ಜಾಸ್ತಿ ಆದ್ರೆ ಆ ನೀರು ಶ್ವಾಸಕೋಶಕ್ಕೆ ಹೋಗಿ ಇನ್ನೂ ಕಷ್ಟ. ಪ್ಲೇಟ್ಲೆಟ್ ಹಾಕೋದು ರಕ್ತಸ್ರಾವ ಇದ್ದಾಗ, ಇಲ್ಲಾ ಸಂಖ್ಯೆ 10,000ಕ್ಕಿಂತ ಕೆಳಗೆ ಹೋದಾಗ. ಆಲಹಳ್ಳಿಗೆ ಒಂದು ಹನಿಯೂ ಹಾಕಲಿಲ್ಲ.

ಅವರ ಮನೆಯಿಂದ ಪರಂಗಿ ಎಲೆ ರಸ ಬಂತು, ಬಾಟಲಿ ತುಂಬ. ಪ್ರೀತಿಯಿಂದ ಕಳಿಸಿದ್ದು, ಏನನ್ನೋದು. ಆದ್ರೆ ಅದು ಜೀವ ಉಳಿಸುತ್ತೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ, ಕಹಿಗೆ ವಾಂತಿ ಬಂದ್ರೆ ಅದು ಕಾಯಿಲೆಯ ವಾಂತಿಯೋ ರಸದ ವಾಂತಿಯೋ ಗೊತ್ತಾಗಲ್ಲ. ಬಾಟಲಿ ಕಿಟಕಿಯಲ್ಲೇ ಇತ್ತು.

ಬೆಲೆ ಬಗ್ಗೆ ಒಂದು ಮಾತು, ಸ್ಟೂಡೆಂಟ್ಸ್ ಟೆಸ್ಟ್ ಮುಂದೂಡೋದು ದುಡ್ಡಿಗಾಗಿಯೇ. 2024ರಲ್ಲಿ ಕರ್ನಾಟಕದಲ್ಲಿ ಡೆಂಗಿ ಜೋರಾದಾಗ ಸರ್ಕಾರ ಖಾಸಗಿ ಲ್ಯಾಬ್‌ಗಳಿಗೆ ದರ ಕಟ್ಟಿಹಾಕಿತು: ಎನ್‌ಎಸ್1 ಎಲೈಸಾಗೆ 300, ಐಜಿಎಂ ಎಲೈಸಾಗೆ 300, ಕಾರ್ಡ್ ಟೆಸ್ಟಿಗೆ 250 ರೂಪಾಯಿ. ಅದೇ ಸೆಪ್ಟೆಂಬರಿನಲ್ಲಿ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯೋಕೆ ಬಿಟ್ಟ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಅಂತಲೂ ನಿಯಮ ಬಂತು. ಫ್ಲೂ ಕೂಡ ಸಣ್ಣದಲ್ಲ. 2023ರ ಮಾರ್ಚಲ್ಲಿ ಹಾಸನ ಜಿಲ್ಲೆಯ ಹಿರಿಯರೊಬ್ಬರು ಎಚ್3ಎನ್2 ಫ್ಲೂನಿಂದ ತೀರಿಕೊಂಡಿದ್ದು ದೇಶದಲ್ಲೆಲ್ಲ ಸುದ್ದಿಯಾಗಿತ್ತು. ವಯಸ್ಸಾದವರು, ಬಸುರಿಯರು, ಆಸ್ತಮಾ ಸಕ್ಕರೆ ಕಾಯಿಲೆ ಇರೋರು ಫ್ಲೂ ಅಂದ್ರೆ ಬೇಗ ಡಾಕ್ಟರ್ ಹತ್ರ ಹೋಗಬೇಕು, ಒಸೆಲ್ಟಾಮಿವಿರ್ ಅನ್ನೋ ಔಷಧಿ ಮೊದಲ 48 ಗಂಟೆಯೊಳಗೆ ಶುರು ಮಾಡಿದ್ರೆ ಹೆಚ್ಚು ಉಪಯೋಗ. ನಮ್ಮ ದೇಶದಲ್ಲಿ ಫ್ಲೂ ಎರಡು ಸಲ ಏರುತ್ತೆ, ಜನವರಿಯಿಂದ ಮಾರ್ಚ್, ಮತ್ತೆ ಮಳೆಗಾಲದ ಕೊನೆಗೆ ಆಗಸ್ಟಿಂದ ಅಕ್ಟೋಬರ್. ಎರಡನೆಯದು ಡೆಂಗಿ ಸೀಸನ್ ಮೇಲೇ ಬಂದು ಕೂರುತ್ತೆ. ಒಂದೇ ರೂಮಲ್ಲಿ ಎರಡೂ ಸಿಕ್ಕಿದ್ರಲ್ಲಿ ಆಶ್ಚರ್ಯ ಇಲ್ಲ. ಅದಕ್ಕೇ ಈಗ ನಮ್ಮ ರೂಮಿನ ರೂಲ್ ಹೀಗಿದೆ: ಗೊತ್ತಾಗೋವರೆಗೂ ಮಾತ್ರೆ ವಿಷಯದಲ್ಲಿ ಡೆಂಗಿ ಅಂದ್ಕೋ, ಮಾಸ್ಕ್ ವಿಷಯದಲ್ಲಿ ಫ್ಲೂ ಅಂದ್ಕೋ. ಸೊಳ್ಳೆ ಪರದೆ ಹಗಲೂ ಕಟ್ಟು, ಈಡಿಸ್ ಕಚ್ಚೋದು ಹೆಚ್ಚಾಗಿ ಹಗಲಲ್ಲೇ, ಮತ್ತೆ ಜ್ವರ ಇರೋನನ್ನ ಕಚ್ಚಿದ ಸೊಳ್ಳೆಯೇ ಮುಂದಿನವನಿಗೆ ತಗೊಂಡು ಹೋಗೋದು. ಮೂರನೇ ದಿನವೂ ಜ್ವರ ಇದ್ರೆ ರಕ್ತ ಪರೀಕ್ಷೆ. (ಚಿಕೂನ್‌ಗುನ್ಯಾ, ಇಲಿ ಜ್ವರ, ಮಲೇರಿಯಾ ಕೂಡ ಸಾಲಲ್ಲಿ ನಿಂತಿವೆ, ಅವುಗಳನ್ನ ಬೇರೆ ಮಾಡೋದೂ ಲ್ಯಾಬ್ ಕೆಲಸವೇ.)

ಆ ಸೊಳ್ಳೆ ಎಲ್ಲಿ ಕಚ್ಚಿತು? ದೊಡ್ಡಆಲಹಳ್ಳಿಯಲ್ಲಾ, ಹಾಸ್ಟೆಲಲ್ಲಾ? ಹೇಳೋಕಾಗಲ್ಲ, ದಿನದ ಲೆಕ್ಕ ಎರಡಕ್ಕೂ ಕೂರುತ್ತೆ. ಹಾಸ್ಟೆಲ್ ಹಿಂದಿನ ನೀಲಿ ಡ್ರಮ್ಮಲ್ಲಿ ಆಮೇಲೆ ನೋಡಿದ್ರೆ ಹುಳ ಕುಣೀತಿದ್ವು. ಊರಿನ ಕಡೆಯ ಕಥೆ ಬೇರೆ. ಅದು ರೇಷ್ಮೆ ಸೀಮೆ, ಆಲಹಳ್ಳಿ ಮನೆಯಲ್ಲೂ ಹುಳ ಸಾಕ್ತಾರೆ. ಹುಳಕ್ಕೆ ಇರುವೆ ಹತ್ತಬಾರದು ಅಂತ ಸ್ಟ್ಯಾಂಡಿನ ಒಂದೊಂದು ಕಾಲಿಗೂ ನೀರಿನ ಬಟ್ಟಲು ಇಡ್ತಾರೆ. ನೆರಳು, ನಿಂತ ನೀರು, ಯಾರೂ ಅಲ್ಲಾಡಿಸಲ್ಲ. ಈಡಿಸ್‌ಗೆ ಇನ್ನೇನು ಬೇಕು? ಔಷಧಿ ಹೊಗೆ ಬಿಡೋಣ ಅಂದ್ರೆ ಮನೆಯವರು ಒಪ್ಪಲ್ಲ, ಹಿಪ್ಪುನೇರಳೆ ಸೊಪ್ಪಿಗೆ ಸ್ವಲ್ಪ ಕೀಟನಾಶಕ ತಾಗಿದ್ರೂ ಹುಳ ಸಾಯುತ್ತೆ, ತಿಂಗಳ ದುಡಿಮೆ ಹೋಗುತ್ತೆ. ಈ ಜಗಳ ಪ್ರತಿ ಮಳೆಗಾಲ ಚಿಕ್ಕಮ್ಮನಿಗೂ ಅವರ ಭಾವನಿಗೂ ಇದ್ದಿದ್ದೇ ಅಂತೆ. ಕೊನೆಗೆ ಅವರು ಕಂಡ್ಕೊಂಡ ದಾರಿ ಸರಳ: ವಾರಕ್ಕೊಂದು ದಿನ ಬಟ್ಟಲು ಚೆಲ್ಲಿ, ಒಳಗೋಡೆ ತಿಕ್ಕಿ, ಹೊಸ ನೀರು. ಮೊಟ್ಟೆಯಿಂದ ಸೊಳ್ಳೆ ಆಗೋಕೆ ಸುಮಾರು 8ರಿಂದ 10 ದಿನ ಬೇಕು, ವಾರಕ್ಕೆ ಒಮ್ಮೆ ಚೆಲ್ಲಿದ್ರೆ ರೆಕ್ಕೆ ಬರೋ ಮೊದಲೇ ಕಥೆ ಮುಗಿಯುತ್ತೆ. ತಿಕ್ಕೋದು ಯಾಕೆ ಅಂದ್ರೆ ಮೊಟ್ಟೆ ಗೋಡೆಗೆ ಅಂಟಿರುತ್ತೆ, ಒಣಗಿದ್ರೂ ತಿಂಗಳುಗಟ್ಟಲೆ ಬದುಕಿರುತ್ತೆ.

ಆಸ್ಪತ್ರೆ ಬೆಂಚಿನ ಮೇಲೆ ಕೂತಿದ್ದಾಗ ಚಿಕ್ಕಮ್ಮನನ್ನ ಕೇಳಿದ್ವಿ, ಮೊದಲು ದಿನವನ್ನೇ ಯಾಕೆ ಕೇಳಿದ್ರಿ ಅಂತ. ಅವರು ನಕ್ಕರು. ರೇಷ್ಮೆ ಹುಳ ಪೊರೆ ಬಿಡೋದಕ್ಕೂ ಅವರ ಕಡೆ ಜ್ವರ ಅಂತಲೇ ಹೆಸರು. ಒಂದು ಬೆಳೆಗೆ ನಾಲ್ಕು ಜ್ವರ. ಎಷ್ಟನೇ ಜ್ವರ, ಜ್ವರಕ್ಕೆ ಕೂತು ಎಷ್ಟು ಹೊತ್ತಾಯ್ತು, ಎದ್ದು ಎಷ್ಟು ಹೊತ್ತಾಯ್ತು, ಎಲ್ಲಾ ಲೆಕ್ಕ ಇಟ್ಟೇ ಸೊಪ್ಪು ಹಾಕೋದು. "ಹುಳಕ್ಕೇ ಲೆಕ್ಕ ಇಡ್ತೀವಿ, ಮಕ್ಳಿಗೆ ಇಡಬ್ಯಾಡ್ವಾ?" ಅಂದ್ರು.

ಎಂಟನೇ ದಿನ ಆಲಹಳ್ಳಿ ಡಿಸ್ಚಾರ್ಜ್ ಆದ. ಕೈಕಾಲೆಲ್ಲ ಕೆಂಪು, ಮಧ್ಯೆ ಬಿಳಿ ಬಿಳಿ ಮಚ್ಚೆ, ವಿಪರೀತ ತುರಿಕೆ. ಅದು ಗುಣ ಆಗೋ ಹಂತದ ಗುರುತಂತೆ. ಡಾಕ್ಟರ್ ಒಂದು ಎಚ್ಚರಿಕೆ ಕೊಟ್ಟು ಕಳಿಸಿದ್ರು. ಡೆಂಗಿ ವೈರಸ್ಸಲ್ಲಿ ನಾಲ್ಕು ಬಗೆ, ಒಂದು ಬಂದು ಹೋದ್ರೆ ಆ ಒಂದಕ್ಕೆ ಮಾತ್ರ ಬಹುಕಾಲದ ರಕ್ಷಣೆ, ಇನ್ನೊಂದು ಬಗೆ ಬಂದಾಗ ಕಾಯಿಲೆ ಜೋರಾಗೋ ಸಾಧ್ಯತೆ ಹೆಚ್ಚು. ಎಸ್ಸೆಸ್ಸೆಲ್ಸಿಯಲ್ಲಿ ಅವನಿಗೆ ಇಂಥದ್ದೇ ಒಂದು 'ವೈರಲ್ ಫೀವರ್' ಬಂದಿತ್ತಂತೆ, ಯಾರೂ ಟೆಸ್ಟ್ ಮಾಡಿಸಿರಲಿಲ್ಲ. ಈಗ ಅವನ ಪರ್ಸಲ್ಲಿ ಐಜಿಎಂ ರಿಪೋರ್ಟ್ ಮಡಚಿಟ್ಟಿದ್ದಾನೆ, ಕಾಲೇಜ್ ಐಡಿ ಹಿಂದೆ.

ಧಾರವಾಡ ಇನ್ನೂ ಮೂರು ವಾರ ಕೆಮ್ಮಿದ.